ಹಳದಿಯಾಗಬಾರದಿದ್ದ ಮೂರು ಕುಳಿಗಳು

ದೆವ್ವ, ಶಕುನ, ಮುನ್ಸೂಚನೆ ಎಂದು ಯಾರಾದರೂ ಮಾತು ತೆಗೆದರೆ ನಾನು ಎದ್ದು ಹೋಗುವವಳಲ್ಲ. ಕೂತು ಪೂರ್ತಿ ಕೇಳಿ, ಕೊನೆಗೆ ಪ್ರಶ್ನೆ ಹಾಕುವವಳು. ನಿಮ್ಮ ಜೊತೆ ಅದನ್ನು ಬೇರೆ ಯಾರು ನೋಡಿದರು? ಆ ವಿಷಯ ನಿಮಗೆ ಮೊದಲೇ ಯಾರಾದರೂ ಹೇಳಿದ್ದರೇ? ಎಲ್ಲ ಮುಗಿದ ಮೇಲೆ ನಿಮ್ಮ ನೆನಪು ತಾನಾಗಿ ಹಿಂದುಮುಂದು ಹೊಂದಿಸಿಕೊಂಡಿತೇ? ಎರಡನೆಯ ಪ್ರಶ್ನೆ ದಾಟಿ ಉಳಿದ ಕಥೆಯನ್ನು ನಾನು ಕೇಳಿರಲಿಲ್ಲ. ನನ್ನ ಚಿಕ್ಕಮ್ಮನಂತೂ ನಾನು ಮನೆಯಲ್ಲಿದ್ದರೆ ಇಂಥ ಮಾತನ್ನೇ ಎತ್ತುತ್ತಿರಲಿಲ್ಲ. "ಅವಳು ಬಂದ್ಲು, ಇನ್ನು ದೆವ್ವಕ್ಕೂ ಸರ್ಟಿಫಿಕೇಟ್ ಕೇಳ್ತಾಳೆ" ಎಂದು ಒಳಗೆ ಹೋಗಿಬಿಡುತ್ತಿದ್ದರು.

ಈಗ ಹೇಳಹೊರಟಿರುವುದು ನನಗೇ ಆದದ್ದು. ಅವೇ ಪ್ರಶ್ನೆಗಳನ್ನು ನನಗೆ ನಾನೇ ಕೇಳಿಕೊಳ್ಳುತ್ತ ಕೆಲವು ವರ್ಷಗಳು ಕಳೆದಿವೆ. ಈ ಕಥೆ ಮಾತ್ರ ಎಲ್ಲ ಪ್ರಶ್ನೆಗಳನ್ನೂ ದಾಟಿ ನನ್ನ ಮುಂದೆ ಹಾಗೇ ನಿಂತಿದೆ. ನೀವು ನಂಬಲೇಬೇಕೆಂದು ನಾನು ಕೇಳುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಸಾಗರದಿಂದ ಇಕ್ಕೇರಿಗೆ ಹೋಗುವ ದಾರಿಯಲ್ಲಿ ನಮ್ಮದೊಂದು ಚಿಕ್ಕ ಪ್ರಯೋಗಾಲಯವಿದೆ. ಹೊರಗಿನಿಂದ ನೋಡಿದವರು ಹಾಲಿನ ಡೇರಿ ಎಂದುಕೊಳ್ಳುತ್ತಾರೆ. ನಾವು ಅಲ್ಲಿ ಮಾಡುತ್ತಿದ್ದದ್ದು ಇಲಿಜ್ವರವನ್ನು ಬೇಗ ಕಂಡುಹಿಡಿಯುವ ಪರೀಕ್ಷೆ. ಮಳೆಗಾಲದಲ್ಲಿ ಕೆಸರಿನಲ್ಲಿ ನಿಂತು ಕೆಲಸ ಮಾಡುವವರಿಗೆ, ಇಲಿಯ ಮೂತ್ರ ಸೇರಿದ ನೀರಿನಿಂದ, ಕಾಲಿನ ಸಣ್ಣ ಗಾಯದ ಮೂಲಕ ಬರುವ ಜ್ವರ ಅದು. ಮೊದಲ ಕೆಲವು ದಿನ ಮಾಮೂಲಿ ಜ್ವರದ ಹಾಗೇ ಇರುತ್ತದೆ. ಮಾತ್ರೆ ನುಂಗಿ ಗದ್ದೆಗೆ ಹೋಗುತ್ತಾರೆ. ಕಣ್ಣು ಹಳದಿಯಾಗಿ, ಮೂತ್ರ ನಿಂತ ಮೇಲೆ ಆಸ್ಪತ್ರೆಗೆ ಬರುತ್ತಾರೆ. ಅಷ್ಟು ಹೊತ್ತಿಗೆ ಕಿಡ್ನಿ ಹೋಗಿರುತ್ತದೆ. ನನ್ನ ದೊಡ್ಡಪ್ಪ ಹೋದದ್ದೂ ಹಾಗೆಯೇ ಇರಬೇಕು. ಅಜ್ಜ ಗೇಣಿಗೆ ಉಳುತ್ತಿದ್ದ ಗದ್ದೆ ನಮ್ಮ ಹೆಸರಿಗೆ ಬಂದು, ಅದನ್ನು ದೊಡ್ಡಪ್ಪ ಸ್ವಂತದ್ದೆಂದು ನಾಟಿ ಮಾಡಿದ್ದು ಕೆಲವೇ ಮಳೆಗಾಲ. ಕಾಮಾಲೆ ಎಂದು ನಾಟಿ ಔಷಧಿ ಕೊಡಿಸಿದೆವು. ಯಾರಿಗೂ ಬೇರೆ ಏನೂ ಹೊಳೆಯಲಿಲ್ಲ.

ಆ ರೋಗಾಣುವಿನ ಹೊರಮೈಯಲ್ಲಿ ಸಕ್ಕರೆ ಮತ್ತು ಕೊಬ್ಬು ಕೂಡಿಕೊಂಡ ಒಂದು ಪದಾರ್ಥವಿದೆ. ಅದಕ್ಕೆ ಗ್ಲೈಕೊಲಿಪಿಡ್ ಎನ್ನುತ್ತಾರೆ. ಜ್ವರ ಶುರುವಾದ ಮೊದಲ ದಿನಗಳಲ್ಲೇ ಅದು ರೋಗಿಯ ರಕ್ತದಲ್ಲಿ ತೇಲುತ್ತಿರುತ್ತದೆ. ಅದನ್ನು ಗುರುತು ಹಿಡಿದು ಕಚ್ಚಿಕೊಳ್ಳುವ ಪ್ರತಿಕಾಯ, ಅಂದರೆ ಆಂಟಿಬಾಡಿ, ನಮ್ಮ ಕೈಯಲ್ಲಿದ್ದರೆ ರೋಗವನ್ನು ಬೇಗ ಹಿಡಿಯಬಹುದು. ಪ್ರತಿಕಾಯವನ್ನು ನಾವು ತಯಾರಿಸಲಾರೆವು, ಪ್ರಾಣಿಯ ಮೈ ಮಾತ್ರ ತಯಾರಿಸಬಲ್ಲದು. ಅದಕ್ಕಾಗಿ ಮೊಲಗಳನ್ನೂ ಬಿಳಿ ಇಲಿಗಳನ್ನೂ ಸಾಕಿದ್ದೆವು.

ಕಷ್ಟವೆಂದರೆ, ಇಂಥ ಪದಾರ್ಥವನ್ನು ಮೊಲದ ಮೈ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಬರೀ ಗ್ಲೈಕೊಲಿಪಿಡ್ ಚುಚ್ಚಿದರೆ ಏನೂ ಆಗದವರ ಹಾಗೆ ಹುಲ್ಲು ತಿನ್ನುತ್ತ ಕೂರುತ್ತವೆ. ಮೊದಲೆರಡು ವರ್ಷ ನಮಗೆ ಬಂದದ್ದು ಬರೀ ಸೋಲು. ಕೊನೆಗೆ ಅದನ್ನು ಕಡಲ ಬಸವನಹುಳುವಿನ ದೊಡ್ಡದೊಂದು ಪ್ರೋಟೀನಿಗೆ ಅಂಟಿಸಿ ಕೊಟ್ಟಾಗ ಮೊಲಗಳ ಮೈ ಎಚ್ಚೆತ್ತುಕೊಂಡಿತು. ಬೆಳ್ಳಿ ಎಂಬ ಹೆಣ್ಣುಮೊಲದ ಕಿವಿಯ ನರದಿಂದ ತೆಗೆದ ರಕ್ತವನ್ನು ಎಷ್ಟೆಷ್ಟು ನೀರಾಗಿಸಿದರೂ ಅದು ಗ್ಲೈಕೊಲಿಪಿಡ್ಡನ್ನು ಬಿಡದೆ ಹಿಡಿದ ದಿನ ನನ್ನ ಸಹಾಯಕಿ ಶೋಭಾ ಪೇಟೆಯಿಂದ ಕ್ಯಾರೆಟ್ ತಂದು ಎಲ್ಲ ಮೊಲಗಳಿಗೂ ಹಂಚಿದಳು. ಶೋಭಾ ತೀರ್ಥಹಳ್ಳಿ ಕಡೆಯ ಹುಡುಗಿ. ಪಿಎಚ್‌.ಡಿ. ಮಾಡಲು ಬಂದವಳು. ಮೊಲಕ್ಕೆ ಸೂಜಿ ಚುಚ್ಚುವ ಮೊದಲು ಬಿಸಿಬಟ್ಟೆಯಿಂದ ಕಿವಿಯನ್ನು ಒತ್ತಿ ಒತ್ತಿ ನರ ಉಬ್ಬಿಸುವಾಗ ಅವಳು ಅದರ ಜೊತೆ ಮಾತಾಡುತ್ತಿದ್ದ ರೀತಿ ನೋಡಿದರೆ ಯಾರಿಗಾದರೂ ಸಮಾಧಾನವಾಗುತ್ತಿತ್ತು. ದೊಡ್ಡ ದೊಡ್ಡ ಊರುಗಳಲ್ಲಿ ಆಗದ ಕೆಲಸ ನಮ್ಮ ಡೇರಿಯಂಥ ಕಟ್ಟಡದಲ್ಲಿ ಆಗಿತ್ತು. ನನಗೆ ಅದರ ಹೆಮ್ಮೆ ಆಗಲೂ ಇತ್ತು, ಈಗಲೂ ಇದೆ, ಮುಚ್ಚಿಡುವುದಿಲ್ಲ.

ಪರೀಕ್ಷೆಯನ್ನು ಪರೀಕ್ಷಿಸುವ ದಿನ ಬಂತು. ಹೊರಗಿನಿಂದ ಒಬ್ಬರು ಹಿರಿಯ ವಿಜ್ಞಾನಿ ಪರೀಕ್ಷಕರಾಗಿ ಬಂದಿದ್ದರು. ಅವರು ಒಪ್ಪಿದರೆ ನಮ್ಮ ಪರೀಕ್ಷೆ ಆಸ್ಪತ್ರೆಗಳಿಗೆ ಹೋಗುತ್ತದೆ, ಇಲ್ಲದಿದ್ದರೆ ಇಷ್ಟು ವರ್ಷದ ಕೆಲಸ ಅಲ್ಲಿಗೆ ನಿಲ್ಲುತ್ತದೆ. ಅವರದು ಮಾತು ಕಡಿಮೆ, ಕಣ್ಣು ಚುರುಕು. ಇಲಿಜ್ವರ ಖಚಿತವಾಗಿದ್ದ ರೋಗಿಗಳ ರಕ್ತದ ತಿಳಿಯನ್ನು, ಅಂದರೆ ಸೀರಮ್ಮನ್ನು, ಅವರೇ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ತಂದಿದ್ದರು. ಹೋಲಿಕೆಗೆ ಆರೋಗ್ಯವಂತರ ರಕ್ತವೂ ಬೇಕಲ್ಲ, ಅದಕ್ಕೆ ಆ ದಿನ ಬೆಳಿಗ್ಗೆ ನಮ್ಮೆಲ್ಲರ ಕೈಯಿಂದ ತಮ್ಮೆದುರೇ ರಕ್ತ ತೆಗೆಸಿ, ತಿಳಿ ಬೇರ್ಪಡಿಸಿಕೊಂಡರು. ನನ್ನದು, ಶೋಭಾಳದು, ಡ್ರೈವರಿನದು, ಪ್ರಾಣಿಗಳನ್ನು ನೋಡಿಕೊಳ್ಳುವವರದು. ಆಮೇಲೆ ಎಲ್ಲ ಕೊಳವೆಗಳ ಹೆಸರಿನ ಮೇಲೆ ಕಾಗದದ ಪಟ್ಟಿ ಅಂಟಿಸಿ, ತಮಗೆ ಮಾತ್ರ ಅರ್ಥವಾಗುವ ಗುರುತು ಹಾಕಿ, ಕ್ರಮ ಬದಲಿಸಿ ನಮ್ಮ ಕೈಗೆ ಕೊಟ್ಟರು. ಯಾವುದು ಯಾರದ್ದು ಎಂದು ನನಗಾಗಲಿ ಶೋಭಾಳಿಗಾಗಲಿ ತಿಳಿಯುವ ದಾರಿಯಿರಲಿಲ್ಲ. ಇದನ್ನು ನೀವು ನೆನಪಿಟ್ಟುಕೊಳ್ಳಬೇಕು.

ಪರೀಕ್ಷೆ ನಡೆಯುವುದು ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆಯಲ್ಲಿ. ಅದರಲ್ಲಿ ಸಾಲುಸಾಲಾಗಿ ಸಣ್ಣ ಕುಳಿಗಳಿರುತ್ತವೆ. ಕುಳಿಯ ತಳಕ್ಕೆ ಮೊಲದ ಪ್ರತಿಕಾಯ ಅಂಟಿಸಿರುತ್ತೇವೆ. ಅದರ ಮೇಲೆ ರಕ್ತದ ತಿಳಿ ಹಾಕಿ, ಕಾದು, ತೊಳೆದು, ಇಲಿಯ ಪ್ರತಿಕಾಯ ಹಾಕಿ, ಮತ್ತೆ ತೊಳೆದು, ಕೊನೆಗೆ ಬಣ್ಣ ಬರಿಸುವ ದ್ರಾವಣ ಹಾಕುತ್ತೇವೆ. ರೋಗವಿದ್ದ ಕುಳಿ ಮಾತ್ರ ನೀಲಿಯಾಗುತ್ತದೆ. ಆಮೇಲೆ ಒಂದೊಂದು ಹನಿ ಆಮ್ಲ ಬಿಟ್ಟರೆ ನೀಲಿ ಹೋಗಿ ಹಳದಿ ಬಂದು ನಿಲ್ಲುತ್ತದೆ. ಒಬ್ಬೊಬ್ಬರ ರಕ್ತಕ್ಕೆ ಮೂರು ಮೂರು ಕುಳಿ, ಒಂದರಲ್ಲಿ ಕೈ ತಪ್ಪಿದರೆ ಉಳಿದೆರಡು ಹೇಳಲಿ ಎಂದು.

ಮಧ್ಯಾಹ್ನದ ಊಟ ಯಾರೂ ಮಾಡಿರಲಿಲ್ಲ. ಕೊನೆಯ ಆಮ್ಲದ ಹನಿಗಳನ್ನು ನಾನೇ ಹಾಕುತ್ತಿದ್ದೆ. ಕೆಲವು ಕುಳಿ ನೀಲಿ, ಕೆಲವು ನೀರಿನ ಹಾಗೆ ತಿಳಿ. ನೀಲಿ ಒಂದೊಂದಾಗಿ ಹಳದಿಯಾಗುತ್ತ ಬಂತು. ತಟ್ಟೆಯ ನಡುವಿನ ಮೂರು ಕುಳಿಗಳಿಗೆ ಹನಿ ಬಿಟ್ಟೆ. ಅವು ಹಳದಿಗೆ ತಿರುಗುತ್ತಿದ್ದ ಹಾಗೆ ನನ್ನ ಎಡಗೈಯ ಮೊಣಕೈ ಒಳಗಿಂದ ತಣ್ಣನೆಯದೇನೋ ಹೊರಟು ತೋಳಿನ ನರದ ಉದ್ದಕ್ಕೂ ಹರಿದು ಭುಜ ಮುಟ್ಟಿತು. ಚಳಿಯಲ್ಲ. ಚಳಿ ಹೊರಗಿನಿಂದ ಬರುತ್ತದೆ. ಇದು ಒಳಗೆ, ಒಂದು ದಾರದ ಅಗಲದಲ್ಲಿ, ನಿಧಾನವಾಗಿ ಮೇಲೇರಿತು. ನಾನು ಹನಿ ಬಿಡುವ ಪಿಪೆಟ್ ಕೆಳಗಿಟ್ಟೆ. ನನ್ನ ಬಾಯಿ "ಮಂಜಣ್ಣ" ಎಂದಿತು.

ನಾನು ಹೇಳಿದೆ ಎನ್ನಲಾರೆ. ಬಾಯಿ ಹೇಳಿತು, ನಾನು ಕೇಳಿಸಿಕೊಂಡೆ.

"ಎಂತ ಹೇಳಿದ್ರಿ ಮೇಡಂ?" ಎಂದಳು ಶೋಭಾ.

"ಏನಿಲ್ಲ" ಎಂದು ಉಳಿದ ಕುಳಿಗಳನ್ನು ಮುಗಿಸಿದೆ. ಕೈ ಮತ್ತೆ ಬೆಚ್ಚಗಾಗಿತ್ತು. ಪರೀಕ್ಷಕರು ಮಾತ್ರ ನನ್ನ ಕೈಯನ್ನೂ ತಟ್ಟೆಯನ್ನೂ ನೋಡುತ್ತಿದ್ದರು. ಶೋಭಾ ತನ್ನ ಫೋನಿನಲ್ಲಿ ತಟ್ಟೆಯ ಫೋಟೋ ತೆಗೆದುಕೊಂಡಳು, ಯಂತ್ರದಲ್ಲಿಟ್ಟು ಅಂಕಿ ತೆಗೆದಳು. ನಂತರ ಪರೀಕ್ಷಕರು ಕೊಳವೆಗಳ ಮೇಲಿನ ಕಾಗದದ ಪಟ್ಟಿಗಳನ್ನು ಉಗುರಿನಿಂದ ಒಂದೊಂದಾಗಿ ಬಿಡಿಸತೊಡಗಿದರು. ರೋಗಿಗಳದ್ದೆಲ್ಲ ಹಳದಿ. ಆರೋಗ್ಯವಂತರದ್ದು ತಿಳಿ. ಶೋಭಾಳ ಮುಖ ಅರಳುತ್ತ ಬಂತು. ನಡುವಿನ ಮೂರು ಕುಳಿಗಳ ಕೊಳವೆ ಉಳಿದಿತ್ತು. ಅದರ ಪಟ್ಟಿ ಬಿಡಿಸಿ, ಹೆಸರು ಓದಿ, ಅವರು ಕೊಳವೆಯನ್ನು ನನ್ನ ಕಡೆ ತಿರುಗಿಸಿದರು. ಅದರ ಮೇಲಿದ್ದದ್ದು ನನ್ನ ಹೆಸರು.

"ಬೆಳಿಗ್ಗೆ ನನ್ನೆದುರೇ ತೆಗೆದ ನಿಮ್ಮ ರಕ್ತ ಅಲ್ವಾ ಇದು?" ಎಂದರು.

"ಹೌದು ಸರ್."

"ಜ್ವರ ಏನಾದ್ರೂ ಇದೆಯಾ?"

"ಇಲ್ಲ ಸರ್. ನಾನು ಚೆನ್ನಾಗಿದ್ದೀನಿ."

ಶೋಭಾಳ ಕಣ್ಣು ತುಂಬಿತು. "ನಾನೇ ಎಲ್ಲಾದ್ರೂ ತಪ್ಪು ಮಾಡಿದ್ನಾ ಮೇಡಂ?" ಎಂದಳು. ಅವಳು ತಪ್ಪು ಮಾಡಿರಲಿಲ್ಲ, ಅದು ನನಗೆ ಗೊತ್ತಿತ್ತು. ಆರೋಗ್ಯವಂತಳೊಬ್ಬಳ ರಕ್ತ ಹಳದಿಯಾದರೆ ಪರೀಕ್ಷೆಯ ಮೇಲೆ ಕಲೆ ಬೀಳುತ್ತದೆ. ಅದೂ ಗೊತ್ತಿತ್ತು. ಆದರೆ ಆ ಹೊತ್ತಿಗೆ ನನ್ನ ತಲೆಯಲ್ಲಿ ಪರೀಕ್ಷೆ ಇರಲಿಲ್ಲ. ನನ್ನ ತೋಳಿನಲ್ಲಿ ಹರಿದ ಆ ತಣ್ಣನೆಯದು ಏನೆಂದು ಗುರುತು ಸಿಕ್ಕಿತ್ತು. ಬದುಕಿನಲ್ಲಿ ಇನ್ನೊಂದೇ ಸಲ ಅದು ನನಗೆ ಆಗಿತ್ತು.

ಮಂಜಣ್ಣ ಯಾರೆಂದು ಹೇಳಬೇಕು. ನಾನು ಕಾಲೇಜಿಗೆ ಹೋಗುತ್ತಿದ್ದ ಖಾಸಗಿ ಬಸ್ಸಿನ ಕಂಡಕ್ಟರ್ ಅವರು. ಸಾಗರ, ಹೊಸನಗರ, ತೀರ್ಥಹಳ್ಳಿ, ಮತ್ತೆ ವಾಪಸ್ಸು. ಓದುವ ಹೆಣ್ಣುಮಕ್ಕಳಿಗೆ ಸೀಟು ಬಿಡಿಸಿಕೊಡುವುದು ತಮ್ಮ ನೌಕರಿಯ ಭಾಗವೆಂದೇ ತಿಳಿದಿದ್ದವರು. ನನ್ನ ಮದುವೆಯಾಗಿ, ಮಗಳು ಹುಟ್ಟಿದಾಗ ತೀರ್ಥಹಳ್ಳಿಯ ಆಸ್ಪತ್ರೆಯಲ್ಲಿ ನನಗೆ ರಕ್ತಸ್ರಾವ ನಿಲ್ಲಲಿಲ್ಲ. ನನ್ನದು ಸುಲಭಕ್ಕೆ ಸಿಗದ ಬಿ ನೆಗೆಟಿವ್. ನನ್ನ ಗಂಡ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಸಿಕ್ಕಸಿಕ್ಕವರನ್ನು ಕೇಳುತ್ತಿದ್ದಾಗ ಮಂಜಣ್ಣ ಬಸ್ಸಿನಿಂದ ಇಳಿದರಂತೆ. "ನಂದು ಅದೇ, ನಡೀರಿ" ಎಂದು, ಡ್ರೈವರಿಗೆ ಕಾಯಲು ಹೇಳಿ, ಪ್ರಯಾಣಿಕರನ್ನು ಬಸ್ಸಿನಲ್ಲೇ ಕೂರಿಸಿ, ಖಾಕಿ ಬಟ್ಟೆಯಲ್ಲೇ ಬಂದು ರಕ್ತ ಕೊಟ್ಟು ಹೋದರು. ಬಸ್ಸಿನಲ್ಲಿದ್ದ ಒಬ್ಬರೂ ತಡವಾಯಿತೆಂದು ಗೊಣಗಲಿಲ್ಲ ಎಂದು ನನ್ನ ಗಂಡ ಇವತ್ತಿಗೂ ಹೇಳುತ್ತಾರೆ. ಆ ರಕ್ತವನ್ನು ಪರೀಕ್ಷೆ ಮುಗಿಯುವವರೆಗೆ ಫ್ರಿಜ್ಜಿನಲ್ಲಿಟ್ಟಿದ್ದು, ಆಮೇಲೆ ನನ್ನ ಎಡಗೈಗೆ ಏರಿಸಿದರು. ಮೊದಲ ಹನಿಗಳು ನರದಲ್ಲಿ ಏರಿದಾಗ ಆಗಿದ್ದೇ ಆ ತಣ್ಣನೆಯ ಅನುಭವ. ದಾರದ ಅಗಲದಲ್ಲಿ, ನಿಧಾನವಾಗಿ, ಭುಜದವರೆಗೆ.

ಆಮೇಲೆ ಮಂಜಣ್ಣ ಬಸ್ಸು ಬಿಟ್ಟು ಹೊಸನಗರದ ಹತ್ತಿರ ತಮ್ಮ ಗದ್ದೆ ನೋಡಿಕೊಂಡಿದ್ದರು. ಮದುವೆ ಮುಂಜಿಗಳಲ್ಲಿ ಸಿಕ್ಕರೆ ಮಾತಾಡುತ್ತಿದ್ದೆವು. ಆ ದಿನಕ್ಕೆ ಮುಂಚೆ ಬಹಳ ತಿಂಗಳುಗಳಿಂದ ನಾನು ಅವರನ್ನು ನೋಡಿರಲಿಲ್ಲ. ಅವರ ಸುದ್ದಿ ಯಾರಿಂದಲೂ ಕೇಳಿರಲಿಲ್ಲ.

ನಾನು ಹೊರಗೆ ಬಂದು ಅವರ ಮನೆಗೆ ಫೋನ್ ಮಾಡಿದೆ. ಅವರ ಹೆಂಡತಿ ಗೌರಕ್ಕ ಎತ್ತಿದರು.

"ಮಂಜಣ್ಣ ಹೆಂಗಿದಾರೆ ಗೌರಕ್ಕ?"

"ಅಯ್ಯೋ, ಜ್ವರ ಬಂದು ಮಲಗಿದಾರೆ ಮಾರಾಯ್ತಿ. ನಾಟಿ ಟೈಮಲ್ಲಿ ಎಲ್ರಿಗೂ ಬರ್ತದಲ್ಲ, ಹಂಗೇ. ಮಾತ್ರೆ ತಗಂಡಿದಾರೆ."

"ಕಾಲಿನ ಮೀನಖಂಡ ನೋವು ಅಂತಾರಾ?"

"ಮುಟ್ಟೋಕೇ ಬಿಡಲ್ಲ."

"ಕಣ್ಣು ಕೆಂಪಾಗಿದೆಯಾ?"

ಗೌರಕ್ಕ ದನಿ ತಗ್ಗಿಸಿ, "ಹೌದು. ನಿಂಗೆ ಯಾರು ಹೇಳಿದ್ರು?" ಎಂದರು.

ನಾನು ಒಳಗೆ ಹೋಗಿ ಪರೀಕ್ಷಕರಿಗೆ, ನಾನೀಗ ಹೊಸನಗರಕ್ಕೆ ಹೋಗಬೇಕು, ಪರಿಚಯದವರೊಬ್ಬರಿಗೆ ಇಲಿಜ್ವರ ಇರಬಹುದು ಎಂದೆ. ಅವರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಈಗ ಈ ಮೂರು ಕುಳಿಗಳನ್ನ ಮತ್ತೆ ಮಾಡಿ ನೋಡ್ಬೇಕು. ಇದು ನಿಮ್ಮ ಪರೀಕ್ಷೆ. ನಿಮ್ಗೆ ಗೊತ್ತಲ್ವಾ?"

"ಗೊತ್ತು ಸರ್."

"ಅವ್ರಿಗೆ ಫೋನ್ ಮಾಡ್ಬೇಕು ಅಂತ ನಿಮ್ಗೆ ಅನ್ನಿಸಿದ್ದು ಯಾವ ಆಧಾರದ ಮೇಲೆ?"

ಅಂಥ ಪ್ರಶ್ನೆಯನ್ನು ನಾನು ಬೇರೆಯವರಿಗೆ ಕೇಳಿ ಅಭ್ಯಾಸ. ಕೇಳಿಸಿಕೊಂಡು ಅಭ್ಯಾಸವಿರಲಿಲ್ಲ. "ಆಧಾರ ಇಲ್ಲ ಸರ್" ಎಂದೆ. ಅವರು ನನ್ನನ್ನೇ ನೋಡಿದರು. ಬೈಯುತ್ತಾರೆ ಎಂದುಕೊಂಡೆ. "ಹೋಗ್ಬನ್ನಿ" ಎಂದರು. "ನಿಮ್ಮ ಹುಡುಗಿ ಮಾಡ್ಲಿ. ನಾನು ಪಕ್ಕದಲ್ಲಿ ನಿಂತು ನೋಡ್ತೀನಿ."

ಶೋಭಾ ಆಗಲೇ ಕಣ್ಣೊರೆಸಿಕೊಂಡು ಹೊಸ ಕೈಗವಸು ತೊಟ್ಟುಕೊಳ್ಳುತ್ತಿದ್ದಳು. ವರ್ಷಗಟ್ಟಲೆ ದುಡಿದ ಕೆಲಸದ ತೀರ್ಮಾನವನ್ನು ಅವಳೊಬ್ಬಳ ಕೈಗೆ ಬಿಟ್ಟು ನಾನು ಕಾರು ಹತ್ತಿದೆ. ಆ ಕ್ಷಣಕ್ಕೂ ನನಗೆ ಅಳುಕಾಗಲಿಲ್ಲ. ಅವಳ ಕೈಯ ಮೇಲೆ ನನಗೆ ಅಷ್ಟು ನಂಬಿಕೆ.

ಹೊಸನಗರ ತಲುಪಿದಾಗ ಸಂಜೆಯ ಬೆಳಕು ಇನ್ನೂ ಇತ್ತು. ಮಂಜಣ್ಣ ಜಗಲಿಯಲ್ಲಿ ಕಂಬಳಿ ಹೊದ್ದು ಮಲಗಿದ್ದರು. ನನ್ನನ್ನು ನೋಡಿ, "ಏನು ತಂಗಿ, ಟಿಕೆಟ್ ತಗಂಡ್ಯಾ?" ಎಂದರು. ತಮಾಷೆಯೋ, ಜ್ವರದ ಮಾತೋ ತಿಳಿಯಲಿಲ್ಲ. ಕಣ್ಣು ಕೆಂಡದ ಹಾಗಿತ್ತು. ನಾನು ಮೀನಖಂಡದ ಮೇಲೆ ಕೈಯಿಟ್ಟ ಕೂಡಲೇ ಕಾಲು ಎಳೆದುಕೊಂಡರು.

"ಆಸ್ಪತ್ರೆಗೆ ಹೋಗಾಣ ಮಂಜಣ್ಣ, ಏಳಿ."

"ಇನ್ನೊಂದು ಗದ್ದೆ ನಾಟಿ ಬಾಕಿ ಅದೆ. ಮುಗೀಲಿ, ಹೋಗಾಣ."

"ಗದ್ದೆ ಅಲ್ಲೇ ಇರ್ತದೆ. ಏಳಿ" ಎಂದರು ಗೌರಕ್ಕ. ಅವರು ಆಗಲೇ ಬಟ್ಟೆಯ ಚೀಲ ಕಟ್ಟಿ ನಿಂತಿದ್ದರು.

ತೀರ್ಥಹಳ್ಳಿಗೇ ಕರೆದುಕೊಂಡು ಹೋದೆ. ದಾರಿಯ ಪ್ರತಿ ತಿರುವಿನಲ್ಲೂ ಮಂಜಣ್ಣ ಕಣ್ಣುಮುಚ್ಚಿಕೊಂಡೇ ಆ ಸ್ಟಾಪಿನ ಹೆಸರು ಹೇಳುತ್ತಿದ್ದರು. ಒಂದೂ ತಪ್ಪಲಿಲ್ಲ. ಆಸ್ಪತ್ರೆಯ ವೈದ್ಯರು ನೋಡಿದ ಕೂಡಲೇ ಇಲಿಜ್ವರವೆಂದು ಅನುಮಾನಿಸಿ, ಪರೀಕ್ಷೆಯ ಫಲ ಬರುವವರೆಗೆ ಕಾಯದೆ ಇಂಜೆಕ್ಷನ್ ಶುರುಮಾಡಿದರು. ಕಿಡ್ನಿ ಸೋಲಲು ಶುರುವಾಗಿತ್ತು, ಇನ್ನೂ ಸೋತಿರಲಿಲ್ಲ. "ಇನ್ನೆರಡು ದಿನ ಮನೇಲಿ ಇಟ್ಕೊಂಡಿದ್ರೆ ನಾನೇನೂ ಹೇಳೋ ಹಾಗಿರಲಿಲ್ಲ" ಎಂದರು ವೈದ್ಯರು.

ವಾರ್ಡಿನ ಹೊರಗೆ ನಿಂತಿದ್ದಾಗ ಶೋಭಾಳ ಫೋನ್ ಬಂತು. ಬೆಳಗಿನ ಅದೇ ಕೊಳವೆಯಿಂದ, ಉಳಿದಿದ್ದ ನನ್ನದೇ ರಕ್ತದ ತಿಳಿಯನ್ನು ಅವಳು ಮತ್ತೆ ಪರೀಕ್ಷಿಸಿದ್ದಳು. ಒಂದು ತಟ್ಟೆಯಲ್ಲಿ ಪರೀಕ್ಷಕರು ನೋಡುತ್ತಿದ್ದ ಹಾಗೆ, ಇನ್ನೊಂದು ತಟ್ಟೆಯಲ್ಲಿ ಪರೀಕ್ಷಕರೇ ತಮ್ಮ ಕೈಯಾರೆ.

"ತಿಳಿಯಾಗೇ ಇದೆ ಮೇಡಂ. ಎಲ್ಲಾ ಕುಳಿನೂ. ಒಂಚೂರೂ ಬಣ್ಣ ಇಲ್ಲ."

ಮಂಜಣ್ಣನ ರಕ್ತದ ಕೊಳವೆಯನ್ನು ಮರುದಿನ ಮುಂಜಾನೆಯ ಮೊದಲ ಬಸ್ಸಿಗೆ ಕೊಟ್ಟು ಸಾಗರಕ್ಕೆ ಕಳಿಸಿದೆ. ಇದು ನಮ್ಮ ಮಂಜಣ್ಣನದ್ದು ಎಂದು ಹೇಳಿದ್ದಕ್ಕೆ ಆ ಬಸ್ಸಿನ ಡ್ರೈವರು ಮಂಜುಗಡ್ಡೆಯ ಡಬ್ಬಿಯನ್ನು ತನ್ನ ಸೀಟಿನ ಪಕ್ಕದಲ್ಲೇ ಇಟ್ಟುಕೊಂಡು, ಸಾಗರದಲ್ಲಿ ಶೋಭಾಳ ಕೈಗೇ ಒಪ್ಪಿಸಿದ. ಮಧ್ಯಾಹ್ನದ ಹೊತ್ತಿಗೆ ಫಲ ಬಂತು. ಹಳದಿ. ಮೂರೂ ಕುಳಿ. ನಾವು ತಯಾರಿಸಿದ ಪ್ರತಿಕಾಯ ಮೊತ್ತಮೊದಲಿಗೆ ಹಿಡಿದ ನಿಜವಾದ ರೋಗಿ, ಹಾಸಿಗೆಯ ಮೇಲೆ ಇನ್ನೂ ಉಸಿರಾಡುತ್ತಿದ್ದ ರೋಗಿ, ಮಂಜಣ್ಣ. ಶೋಭಾ ಫೋಟೋ ಕಳಿಸಿದ್ದಳು. ಹಿಂದಿನ ದಿನದ ಫೋಟೋ ಪಕ್ಕದಲ್ಲಿಟ್ಟು ನೋಡಿದೆ. ನನ್ನ ಹೆಸರಿನ ಕುಳಿಗಳ ಹಳದಿಗೂ ಮಂಜಣ್ಣನ ಹಳದಿಗೂ ಕಣ್ಣಿಗೆ ವ್ಯತ್ಯಾಸ ಕಾಣಲಿಲ್ಲ. ಯಂತ್ರ ಕೊಟ್ಟ ಅಂಕಿಗಳ ನಡುವೆಯೂ ಅಂತರ ಇತ್ತೋ ಇಲ್ಲವೋ ಎನ್ನುವಷ್ಟೇ.

ಇನ್ನು ನನ್ನ ಪ್ರಶ್ನೆಗಳು. ಆ ದಿನ ಬೇರೆ ಕುಳಿಯಿಂದ ಹನಿ ಸಿಡಿದು ನನ್ನ ಕುಳಿಗೆ ಬಿದ್ದಿರಬಹುದೇ? ಒಂದಕ್ಕೆ ಬೀಳಬಹುದು. ಅಕ್ಕಪಕ್ಕದ ಕುಳಿಗಳನ್ನು ಬಿಟ್ಟು ಸರಿಯಾಗಿ ನನ್ನ ಮೂರಕ್ಕೆ, ಒಂದೇ ಅಳತೆಯಲ್ಲಿ ಬೀಳುವುದು ಹೇಗೆ? ಕೊಳವೆ ಅದಲುಬದಲಾಗಿದ್ದರೆ ಯಾವನೋ ಒಬ್ಬ ರೋಗಿಯದು ತಿಳಿಯಾಗಿರಬೇಕಿತ್ತು, ಹಾಗಾಗಲಿಲ್ಲ. ನನಗೇ ಸಣ್ಣಗೆ ಸೋಂಕಿತ್ತೇ? ಅದೇ ಕೊಳವೆಯ ತಿಳಿ ಸಂಜೆ ಏನೂ ಹೇಳಲಿಲ್ಲ. ಆಮೇಲೂ ಹಲವು ವಾರ ನನ್ನ ರಕ್ತವನ್ನು ನೋಡಿದೆವು. ಸೋಂಕು ತಗಲಿ ಹೋಗಿದ್ದರೆ ಉಳಿಯಬೇಕಾಗಿದ್ದ ಗುರುತು ಒಂದೂ ಇರಲಿಲ್ಲ.

ಮಂಜಣ್ಣನ ರಕ್ತ ನನ್ನ ಮೈಯಲ್ಲಿತ್ತಲ್ಲ ಎಂದು ನೀವು ಹೇಳಬಹುದು. ನನ್ನ ಚಿಕ್ಕಮ್ಮ ಕೇಳಿದೊಡನೆ ಹೇಳಿದ್ದೂ ಅದನ್ನೇ. ಆದರೆ ಬೇರೆಯವರ ರಕ್ತದ ಕಣ ನಮ್ಮ ಮೈಯಲ್ಲಿ ಕೆಲವು ತಿಂಗಳಿಗಿಂತ ಹೆಚ್ಚು ಉಳಿಯುವುದಿಲ್ಲ. ಆ ದಿನಕ್ಕೆ ನನ್ನ ಮಗಳು ಶಾಲೆಯ ಚೀಲ ಹೊತ್ತು ತಾನೇ ಹೋಗಿಬರುವಷ್ಟು ದೊಡ್ಡವಳಾಗಿದ್ದಳು. ಮಂಜಣ್ಣನ ರಕ್ತದ್ದು ಎನ್ನುವ ಒಂದು ಕಣವೂ ನನ್ನಲ್ಲಿ ಉಳಿದಿರಲು ಸಾಧ್ಯವಿಲ್ಲ. ಉಳಿದಿದ್ದರೂ ಹೊಸನಗರದಲ್ಲಿ ಮಲಗಿದ್ದವರ ಜ್ವರ ಸಾಗರದ ಕೊಳವೆಗೆ ಹೇಗೆ ತಿಳಿಯಬೇಕು? ಹೋಗಲಿ, ತಟ್ಟೆಯಲ್ಲಿ ಏನೋ ಎಡವಟ್ಟಾಯಿತು ಎಂದು ಒಪ್ಪಿಕೊಂಡರೂ, ಆ ಹೆಸರು? ಪಟ್ಟಿ ಬಿಡಿಸುವ ಮೊದಲು, ಆ ಕುಳಿಗಳು ನನ್ನವೆಂದು ಲೋಕದಲ್ಲಿ ಪರೀಕ್ಷಕರೊಬ್ಬರನ್ನು ಬಿಟ್ಟು ಯಾರಿಗೂ ಗೊತ್ತಿಲ್ಲದಾಗ, ನನ್ನ ಬಾಯಿಗೆ ಆ ಹೆಸರು ಎಲ್ಲಿಂದ ಬಂತು?

ಪರೀಕ್ಷಕರು ನಮ್ಮ ಕೆಲಸವನ್ನು ಒಪ್ಪಿದರು. ಹಳದಿಯಾದ ಆ ಮೂರು ಕುಳಿಗಳನ್ನು ಬಿಟ್ಟುಬಿಡಿ ಎಂದು ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಆರೋಗ್ಯವಂತ ವ್ಯಕ್ತಿಯೊಬ್ಬರ ರಕ್ತ ಒಮ್ಮೆ ಬಣ್ಣ ತೋರಿತು, ಮತ್ತೆ ತೋರಲಿಲ್ಲ, ಕಾರಣ ತಿಳಿದಿಲ್ಲ ಎಂದು ಇದ್ದ ಹಾಗೇ ವರದಿಯಲ್ಲಿ ಬರೆದೆವು. ಆ ವಾಕ್ಯದಿಂದ ನಮಗೆ ತೊಂದರೆಯಾದೀತು ಎಂದು ಹೆದರಿದವರಿದ್ದರು. ಶೋಭಾ ಮಾತ್ರ, "ಇರೋದನ್ನ ಬರೆಯೋಕೆ ಎಂತ ಹೆದ್ರಿಕೆ" ಎಂದು ತಾನೇ ಟೈಪ್ ಮಾಡಿದಳು. ನಾನು ತಯಾರಿಸಿದ ಪ್ರತಿಕಾಯಕ್ಕಿಂತ ಆ ಹುಡುಗಿಯ ಬಗ್ಗೆ ನನಗೆ ಒಂದು ತೂಕ ಹೆಚ್ಚೇ ಹೆಮ್ಮೆ. ಈಗ ಆ ಪರೀಕ್ಷೆ ಮಳೆಗಾಲದಲ್ಲಿ ನಮ್ಮ ಮೂರು ತಾಲ್ಲೂಕುಗಳ ಆಸ್ಪತ್ರೆಗಳಲ್ಲಿ ನಡೆಯುತ್ತದೆ. ಹಿನ್ನೀರಿನ ಅಂಚಿನ ಹೊಳೆಬಾಗಿಲು, ಹೊನ್ನೆಮರಡು ಕಡೆಯಿಂದಲೂ ಜನ ಜ್ವರದ ಎರಡನೆಯ ದಿನವೇ ಬಂದು ಕೈ ಚಾಚಿ ಕೂರುತ್ತಾರೆ. ಬೆಳ್ಳಿ ವಯಸ್ಸಾಗಿ ಸತ್ತಿತು. ಅದರ ಮರಿಗಳ ಮರಿಗಳು ನಮ್ಮಲ್ಲಿವೆ.

ಮಂಜಣ್ಣ ಚೇತರಿಸಿಕೊಂಡ ಮೇಲೆ ನಡೆದದ್ದನ್ನೆಲ್ಲ ಅವರಿಗೆ ಹೇಳಿದೆ. ಪೂರ್ತಿ ಕೇಳಿದರು. ಆಶ್ಚರ್ಯಪಟ್ಟ ಹಾಗೆ ಕಾಣಲಿಲ್ಲ.

"ನಿಂಗೆ ಹೆಂಗೆ ಗೊತ್ತಾತು ಅಂತ ನಿಂಗೇ ಗೊತ್ತಿಲ್ಲ ಅಂತೀಯ?"

"ಗೊತ್ತಿಲ್ಲ ಮಂಜಣ್ಣ. ಎಷ್ಟು ಯೋಚ್ನೆ ಮಾಡಿದ್ರೂ ಗೊತ್ತಾಗ್ತಿಲ್ಲ."

"ನಂಗೂ ಗೊತ್ತಿಲ್ಲ" ಎಂದು ಎಲೆಗೆ ಸುಣ್ಣ ಹಚ್ಚತೊಡಗಿದರು. ಅವರ ಮಟ್ಟಿಗೆ ವಿಷಯ ಅಲ್ಲಿಗೆ ಮುಗಿದಿತ್ತು.

ನನ್ನ ಮಟ್ಟಿಗೆ ಮುಗಿದಿಲ್ಲ. ಪ್ರತಿ ಮಳೆಗಾಲ ಹೊಸ ಪ್ರತಿಕಾಯ ತಯಾರಾದಾಗ ಅದನ್ನು ಪರೀಕ್ಷಿಸುವ ತಟ್ಟೆಯಲ್ಲಿ ಮೂರು ಕುಳಿಗಳನ್ನು ಖಾಲಿ ಬಿಟ್ಟು ಅಲ್ಲಿಗೆ ನನ್ನ ರಕ್ತದ ತಿಳಿ ಹಾಕುತ್ತೇನೆ. ವಿಧಾನದಲ್ಲಿ ಅದಿಲ್ಲ. ಯಾಕೆ ಎಂದು ಹೊಸದಾಗಿ ಬಂದವರು ಕೇಳಿದರೆ ಹಳೆಯ ಅಭ್ಯಾಸ ಎನ್ನುತ್ತೇನೆ. ಇವತ್ತಿನವರೆಗೆ ಮತ್ತೆ ಬಣ್ಣ ಬಂದಿಲ್ಲ. ನೋಡಿದ ಮೇಲೆ ಹೊರಗೆ ಬಂದು ಹೊಸನಗರಕ್ಕೆ ಒಂದು ಫೋನ್ ಮಾಡುತ್ತೇನೆ. ಆ ಹೊತ್ತಿಗೆ ಅಲ್ಲಿ ನಾಟಿಯ ಗಡಿಬಿಡಿ, ಹಿಂದೆ ಹೆಂಗಸರ ಮಾತು, ಟಿಲ್ಲರಿನ ಸದ್ದು. ಮಂಜಣ್ಣ ಹಲೋ ಎನ್ನುವುದಿಲ್ಲ.

"ಎಂತ ತಂಗಿ, ಹಳದಿ ಬಂತಾ?"

"ಇಲ್ಲ ಮಂಜಣ್ಣ. ತಿಳಿಯಾಗಿದೆ."

"ಹಂಗಾದ್ರೆ ಗದ್ದೆಗೆ ಹೋಗ್ತೀನಿ" ಎಂದು ಫೋನ್ ಇಡುತ್ತಾರೆ.